ಅಪ್ಪನಿಗೊಂದು ಮಿಸ್ಡ್ ಕಾಲ್

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಅವನನ್ನು ಜನ ಗುಡುಗಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಯಾವುದೋ ಇತ್ತು. ಅದು ಅವನಿಗೇ ಮರೆತುಹೋಗಿದ್ದರೂ ಆಶ್ಚರ್ಯವಿಲ್ಲ. ಅವನು ಈರುಳ್ಳಿ ಮೂಟೆಯ ಮೇಲೆ ಹತ್ತಿ ನಿಂತು ‘ಒಂದು ಸಲ!’ ಎಂದರೆ ಸೂರಿನ ಪಾರಿವಾಳಗಳು ಏಳುತ್ತಿದ್ದವು. ‘ಎರಡು ಸಲ!’ ಎಂದರೆ ಆಚೆ ಬೀದಿಯ ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿ ಹಿಡಿಯುತ್ತಿದ್ದ. ‘ಮೂರು ಸಲ!’ ಎನ್ನುವಷ್ಟರಲ್ಲಿ ಮಾಲು ಕೈಬದಲಾಗಿರುತ್ತಿತ್ತು. ಮೈಕು ಎಂಬ ಸಾಮಾನು ಆ ಮಂಡಿಗೆ ಬಂದದ್ದು ಅವನು ಬಿಟ್ಟ ಮೇಲೆಯೇ.

ಗಂಟಲು ಹೀಗಿದ್ದ ಮೇಲೆ ನಾಲಿಗೆಯಾದರೂ ತೆಪ್ಪಗಿರಬೇಕಿತ್ತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಅವನ ನಾಲಿಗೆಗೆ ಎಲುಬಿರಲಿಲ್ಲ ಸರಿ, ಹಲ್ಲಿತ್ತು. ಮಾಲು ತಂದವನ ಬೋಳುತಲೆ, ಕೊಳ್ಳಲು ಬಂದವನ ಹೊಟ್ಟೆ, ಕುಂಟುವ ಹಮಾಲಿಯ ಕಾಲು, ಯಾವುದನ್ನೂ ಬಿಡುತ್ತಿರಲಿಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಗದವನ ಸರದಿ ನಾಳೆ ಎಂದು ಎಲ್ಲರಿಗೂ ಗೊತ್ತಿತ್ತು.

ಇಂಥವನಿಗೆ ಹುಟ್ಟಿದ ಒಬ್ಬಳೇ ಮಗಳು ಉಗ್ಗುತ್ತಿದ್ದಳು. ದೇವರಿಗೂ ಒಮ್ಮೊಮ್ಮೆ ಕುಚೋದ್ಯ ಮಾಡುವ ಮನಸ್ಸಾಗುತ್ತದೆ. ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಅವಳು ಅಪ್ಪನಿಗೆ ಬುತ್ತಿ ತೆಗೆದುಕೊಂಡು ಮಂಡಿಗೆ ಹೋದಳು. ಕೆಳಗೆ ನಿಂತು ‘ಅ ಅ ಅಪ್ಪಾ, ಬು ಬು...’ ಎನ್ನುತ್ತಿದ್ದಂತೆಯೇ ಗುಡುಗಪ್ಪ ಅವಳನ್ನು ಎತ್ತಿ ಮೂಟೆಯ ಮೇಲೆ ನಿಲ್ಲಿಸಿದ. “ಬು ಒಂದು ಸಲ! ಬು ಎರಡು ಸಲ! ಬು ಮೂರು ಸಲ! ಅಂತೂ ಬಂತು ನೋಡ್ರಪ್ಪೋ ಬುತ್ತಿ!” ಮಂಡಿಗೆ ಮಂಡಿಯೇ ಹೊಟ್ಟೆ ಹಿಡಿದುಕೊಂಡಿತು. ಅವಳೂ ನಕ್ಕಳು. ಎಲ್ಲರೂ ನಗುವಾಗ ಮಕ್ಕಳು ನಗುತ್ತಾರೆ. ಅಂದಿನಿಂದ ಅವಳ ಹೆಸರು ಮೂರ್ಸಲ ಎಂದಾಯಿತು. ಮಂಡಿಯಲ್ಲೂ ಮೂರ್ಸಲ, ಬೀದಿಯಲ್ಲೂ ಮೂರ್ಸಲ, ಮನೆಯಲ್ಲಂತೂ ಕೇಳುವುದೇ ಬೇಡ.

ಊಟಕ್ಕೆ ಕುಳಿತಾಗ ಅವಳು ಉಪ್ಪು ಕೇಳಲು ಬಾಯಿ ತೆರೆದರೆ ಅಪ್ಪ ಬೆರಳು ಮಡಚಿ ಎಣಿಸುತ್ತಿದ್ದ. ಅವಳು ಉಪ್ಪಿಲ್ಲದೆ ಉಣ್ಣುವುದನ್ನು ಕಲಿತಳು.

“ಬಿಡೀಂದ್ರೆ, ಮಗು ಅದು,” ಎಂದು ತಾಯಿ ಗೊಣಗಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು. “ತಮಾಷೆನೂ ಮಾಡಬಾರ್ದೇನೆ? ಲೋಕ ಏನು ಇವಳಿಗೋಸ್ಕರ ಕಾಯ್ತಾ ಕೂತಿರುತ್ತಾ? ಮನೆಯಲ್ಲೇ ಗಟ್ಟಿಯಾಗ್ಲಿ.”

ಗಟ್ಟಿಯಾದಳು. ಎಷ್ಟು ಗಟ್ಟಿಯಾದಳು ಎಂಬುದೇ ಈ ಕಥೆ.

ಬೆಳೆದ ಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಮೊಬೈಲ್ ಆ್ಯಪು ತಯಾರಿಸುವ ಒಂದು ಸಣ್ಣ ಕಚೇರಿಯಲ್ಲಿ. ತಯಾರಿಸುವ ಕೆಲಸವಲ್ಲ, ತಯಾರಾದದ್ದನ್ನು ಕಾಡಿಸಿ ನೋಡುವ ಕೆಲಸ. ಮಾತಾಡುವ ಅಗತ್ಯ ಕಡಿಮೆಯೆಂದೇ ಅದನ್ನು ಆರಿಸಿಕೊಂಡಿದ್ದಳು. ಅವಳ ಮೇಜಿನ ಖಾನೆಯ ತುಂಬ ಬಗೆಬಗೆಯ ಫೋನುಗಳಿದ್ದವು, ಒಂದೊಂದಕ್ಕೂ ಬೇರೆ ನಂಬರು. ಒಂದು ಫೋನಿನಲ್ಲಿ ಆ್ಯಪು ತೆರೆಯುವುದು, ಅದರಲ್ಲಿ ಏನೋ ಅರ್ಧ ಮಾಡುವುದು, ಇನ್ನೊಂದರಿಂದ ಆ ಫೋನಿಗೆ ಕರೆ ಮಾಡುವುದು. ಆಗ ತೆರೆದಿದ್ದ ಆ್ಯಪು ಹಿಂದಕ್ಕೆ ಸರಿಯುತ್ತದೆ, ಕರೆ ಮುಂದಕ್ಕೆ ಬರುತ್ತದೆ. ಕರೆ ಮುಗಿದು ಆ್ಯಪು ಮತ್ತೆ ಮುಂದಕ್ಕೆ ಬಂದಾಗ ಎಲ್ಲವೂ ಬಿಟ್ಟ ಹಾಗೇ ಇರಬೇಕು. ಅರ್ಧ ಬರೆದ ವಿಳಾಸ ಅರ್ಧಕ್ಕೇ ಕಾದಿರಬೇಕು, ನಿಂತ ಹಾಡು ನಿಂತಲ್ಲಿಂದಲೇ ಏಳಬೇಕು. ಹಿಂದೆ ಸರಿದವರನ್ನು ಫೋನು ಬಹಳ ಹೊತ್ತು ಸಾಕುವುದಿಲ್ಲ. ಜಾಗ ಸಾಲದಿದ್ದರೆ ಕೇಳದೆ ಕತ್ತು ಹಿಸುಕುತ್ತದೆ. ಆದ್ದರಿಂದ ಸರಿಯುವ ಮುನ್ನವೇ ಇದ್ದದ್ದನ್ನೆಲ್ಲ ಗಂಟು ಕಟ್ಟಿಟ್ಟುಕೊಳ್ಳಬೇಕು. ಕಟ್ಟಿಟ್ಟುಕೊಳ್ಳದ ಆ್ಯಪನ್ನು ಅವಳು ಹಿಡಿದುಹಾಕುತ್ತಿದ್ದಳು. ಜೋರಾಗಿ ಮಾತಾಡುವವರು ಬಂದೊಡನೆ ಹಿಂದಕ್ಕೆ ಸರಿದು, ಹೇಳಬೇಕೆಂದದ್ದನ್ನು ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡು ಬದುಕಿದವಳು ಅವಳು. ಆ ಕೆಲಸ ಅವಳಿಗೆ ಕೈವಶವಾದದ್ದರಲ್ಲಿ ಸೋಜಿಗವೇನಿಲ್ಲ.

ಕಚೇರಿಯಲ್ಲಿ ಕೋಡು ಬರೆಯುವವನೊಬ್ಬನಿದ್ದ. ಅವಳ ಮಾತು ನಡುವೆ ಸಿಕ್ಕಿಕೊಂಡರೆ ಅವನು ಬೇರೆಯವರ ಹಾಗೆ ಪದ ಎತ್ತಿಕೊಡುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ತನ್ನ ಸ್ಕ್ರೀನು ನೋಡುತ್ತ ಸುಮ್ಮನೆ ಇರುತ್ತಿದ್ದ. ನಿಜಕ್ಕೂ ಕಾಯುತ್ತಿದ್ದನೋ, ಅವನ ಗಮನವೇ ಅಲ್ಲಿರುತ್ತಿರಲಿಲ್ಲವೋ, ಯಾರು ಕಂಡರು. ಅವಳಿಗೆ ಅದು ಕಾಯುವ ಹಾಗೆ ಕಂಡಿತು. ಬಾಯಾರಿದವರು ನೀರು ಯಾವ ಬಾವಿಯದೆಂದು ವಿಚಾರಿಸುವುದಿಲ್ಲ. ಇಬ್ಬರೂ ಒಟ್ಟಿಗೆ ಊಟದ ಡಬ್ಬಿ ಬಿಚ್ಚತೊಡಗಿದರು. ಕೊನೆಗೊಂದು ದಿನ ಅವನು ಕೇಳಿಯೂಬಿಟ್ಟ, “ನಮ್ಮಮ್ಮನ್ನ ನಿಮ್ಮನೆಗೆ ಯಾವಾಗ ಕರ್ಕೊಂಡು ಬರ್ಲಿ?”

ಹಿಂದೊಮ್ಮೆ ಒಂದು ಸಂಬಂಧ ಮನೆಯ ಬಾಗಿಲವರೆಗೂ ಬಂದಿತ್ತು. ಬಂದವರ ಮುಂದೆ ಅಪ್ಪ ಅವಳ ಮಾತಿಗೆ ಹರಾಜು ಕೂಗಿದ್ದ. ಗಂಡಿನ ಕಡೆಯವರು ಹೊಟ್ಟೆ ತುಂಬ ನಕ್ಕು, ಹೊಟ್ಟೆ ತುಂಬ ತಿಂದು ಹೋದವರು ಮತ್ತೆ ಬರಲಿಲ್ಲ. ಅಪ್ಪ ಇರುವವರೆಗೆ ಈ ಮನೆಯಲ್ಲಿ ತನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಅವನ ನಗೆಯಷ್ಟೇ ಬೀಳುತ್ತದೆ ಎಂದು ಅವಳಿಗೆ ಮನದಟ್ಟಾಗಿತ್ತು. “ಸ್ವ ಸ್ವಲ್ಪ ದಿನ ಬಿಟ್ಟು,” ಎಂದಳು.

ಆ ಸ್ವಲ್ಪ ದಿನದಲ್ಲೇ ಗುಡುಗಪ್ಪನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕತ್ತಿನ ಕೆಳಗೊಂದು ತೂತು ಬಿಟ್ಟರು. ಗುಡುಗು ನಿಂತಿತು. ಮಂಡಿಯವರೆಲ್ಲ ಬಂದು ಕಣ್ಣೀರು ಹಾಕಿಹೋದರು. ಬೋಳುತಲೆಯವನು ಮಾತ್ರ ಬಾಗಿಲು ದಾಟಿದ ಮೇಲೆ ಶಿಳ್ಳೆ ಹಾಕಿದನಂತೆ. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಮೊದಲ ಬಾರಿಗೆ ಕೇಳಿಸಿತು. ಆ ದಿನಗಳಲ್ಲಿ ಮಗಳು ಊಟಕ್ಕೆ ಕುಳಿತು ಧಾರಾಳವಾಗಿ ಉಪ್ಪು ಕೇಳಿದಳು, ಬೇಡದಿದ್ದಾಗಲೂ ಕೇಳಿದಳು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಹೆತ್ತ ಕರುಳಿದ್ದ ಹಾಗೆ ಹುಟ್ಟಿದ ಕರುಳೂ ಒಂದಿರುತ್ತದೆ. ಅಪ್ಪ ತುಟಿ ಅಲ್ಲಾಡಿಸುವುದು, ಅಮ್ಮ ‘ನೀರಾ? ಚಾದರಾನಾ? ಏನ್ರೀ ಅದು?’ ಎಂದು ತಡಕಾಡುವುದು, ಅವನು ತಟ್ಟೆ ಎಸೆಯುವುದು, ಇದನ್ನು ನೋಡಿ ಅವಳಿಗೆ ಸಂಕಟವಾಯಿತು. ಬರೆದು ತೋರಿಸಲು ಅವನ ಅಕ್ಷರ ಕೋಳಿ ಕೆದರಿದಂತೆ. ಓದಲು ಹೆಂಡತಿಗೆ ಅಕ್ಷರವೇ ಬಾರದು. ಕಚೇರಿಯಲ್ಲಿ ಆಗಷ್ಟೇ, ದನಿ ಕಳೆದುಕೊಂಡವರಿಗೆಂದೇ ಒಂದು ಆ್ಯಪು ತಯಾರಾಗಿತ್ತು. ಪೆಟ್ಟಿಗೆಯಂಥ ಜಾಗದಲ್ಲಿ ಟೈಪು ಮಾಡಿ ಬಟನು ಒತ್ತಿದರೆ ಫೋನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದನ್ನು ಬರೆದವನು ಆ ಡಬ್ಬಿ ಹಂಚಿಕೊಳ್ಳುವ ಗೆಳೆಯನೇ. ಅವಳು ಅಪ್ಪನಿಗೊಂದು ಅಗ್ಗದ ಫೋನು ಕೊಂಡು, ಅದನ್ನು ಹಾಕಿ, ದೊಡ್ಡ ಅಕ್ಷರದ ಕೀಲಿಗಳನ್ನು ಕೂಡಿಸಿ, ದಿನಗಟ್ಟಲೆ ಪಕ್ಕದಲ್ಲಿ ಕುಳಿತು ಕಲಿಸಿದಳು.

ಕಲಿತ ದಿನ ಗುಡುಗಪ್ಪ ಬಹಳ ಹೊತ್ತು ಟೈಪು ಮಾಡಿದ. ಅಮ್ಮ ಮಗಳಿಬ್ಬರೂ ಉಸಿರು ಬಿಗಿಹಿಡಿದು ನಿಂತರು. ಅವನು ಬಟನು ಒತ್ತಿದ. ಯಾರದೋ ಹೆಂಗಸಿನ ಚಪ್ಪಟೆ ದನಿ ಹೇಳಿತು: “ಮೂರ್ಸಲ, ಒಂದು ಲೋಟ ಕಾ ಕಾ ಕಾಫಿ ತಾ.”

ಗುಡುಗಪ್ಪ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕ. ಕತ್ತಿನ ತೂತಿನಿಂದ ಗಾಳಿ ಬುಸುಗುಟ್ಟಿತು. ಮಗಳು ಕಾಫಿ ಮಾಡಲು ಹೋದಳು. ಹಾಲಿನ ಪಾತ್ರೆಯ ಮುಂದೆ ನಿಂತು, ಹಾವಿಗೆ ಹಲ್ಲು ಕಟ್ಟಿಸಿಕೊಟ್ಟೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು.

ಅವನ ಟೈಪಿಂಗು ನಿಧಾನ. “ಒಂ ಒಂದೊಂದೇ ಪದ ಹಾಕಿ ಒ ಒತ್ತಬಹುದು ಅಪ್ಪಾ,” ಎಂದು ಅವಳು ಹೇಳಿಕೊಟ್ಟಳು. ಅವನು ತಲೆಯಾಡಿಸಿ, ಸಾವಕಾಶವಾಗಿ ಟೈಪು ಮಾಡಿ ಒತ್ತಿದ: “ತುಂಡು ತುಂಡು ಮಾತಾಡೋದು ನಿನ್ನ ಕಸುಬು. ನಾನು ಆಡಿದ್ರೆ ಪೂರ್ತಿ ಆಡ್ತೀನಿ.” ಮಾತು ಪೂರ್ತಿಯಾಗದೆ ಅವನು ಬಟನು ಮುಟ್ಟುತ್ತಿರಲಿಲ್ಲ. ಹರಾಜು ಕೂಗುವವನ ಜಂಬ ಅದು. ಅದೇ ಅವನಿಗೆ ಮುಳುವಾಯಿತು.

ಅಂಗಡಿಗೆ ಹೋದ ಹೆಂಡತಿ ಅಲ್ಲಿಂದ ಗಂಡನಿಗೆ ಫೋನು ಮಾಡುವ ರೂಢಿಯಿತ್ತು. ಅವಳಿಗೆ ಗೊತ್ತಿದ್ದದ್ದು ಹಸಿರು ಗುಂಡಿ ಒಂದೇ. ಅವಳು ಕೇಳುವುದು, ಅವನು ಫೋನಿನ ಬೆನ್ನಿಗೆ ಉಗುರಿನಿಂದ ಕುಟ್ಟುವುದು. ಒಮ್ಮೆ ಕುಟ್ಟಿದರೆ ಹೂಂ, ಎರಡು ಸಲ ಕುಟ್ಟಿದರೆ ಬೇಡ. ಒಂದು ದಿನ ಅವನು ಉದ್ದನೆಯ ಬೈಗುಳವೊಂದನ್ನು ಟೈಪು ಮಾಡುತ್ತಿದ್ದಾಗ ಅವಳ ಕರೆ ಬಂತು. ಫೋನಿನ ತುಂಬ ಕರೆಯೇ ಹರಡಿಕೊಂಡಿತು. ಕುಟ್ಟಿ ಮುಗಿಸಿ ಮರಳಿದರೆ ಪೆಟ್ಟಿಗೆ ಖಾಲಿ. ಬೈಗುಳದ ಒಂದಕ್ಷರವೂ ಉಳಿದಿರಲಿಲ್ಲ. ಅವನು ಮಂಚ ಗುದ್ದಿದ.

ಮಗಳು ಮರುದಿನ ಕಚೇರಿಯಲ್ಲಿ ಅದನ್ನು ಪರೀಕ್ಷಿಸಿದಳು. ಹೌದು, ಆ್ಯಪು ಹಿಂದಕ್ಕೆ ಸರಿದೊಡನೆ ಪೆಟ್ಟಿಗೆಯನ್ನು ಒರೆಸಿಹಾಕುತ್ತಿತ್ತು. ರೋಗಿಯ ಗುಟ್ಟಿನ ಮಾತು ಬೇರೆಯವರ ಕಣ್ಣಿಗೆ ಬೀಳಬಾರದೆಂದು ಗೆಳೆಯ ಹಾಗೆ ಬರೆದಿದ್ದ. ನೆರೆಯವರು ಇಣುಕುತ್ತಾರೆಂದು ಪರದೆ ಎಳೆಯಬೇಕೇ ಹೊರತು ಮನೆಯ ಸಾಮಾನನ್ನೇ ಬೀದಿಗೆ ಎಸೆಯುತ್ತಾರೆಯೇ? ಇದು ತಪ್ಪು, ದೊಡ್ಡ ತಪ್ಪು. ಅವಳು ದೂರು ದಾಖಲಿಸಲು ಕುಳಿತಳು. ಎರಡು ಸಾಲು ಬರೆದಳು. ಬರೆದದ್ದನ್ನು ನೋಡಿದಳು. ತಪ್ಪು ಗೆಳೆಯನದು, ಅವನು ಬೈಸಿಕೊಳ್ಳಬೇಕಾಗುತ್ತದೆ ಎಂಬುದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ. ಎರಡು ಸಾಲನ್ನೂ ಅಳಿಸಿ, ಖಾನೆಯಿಂದ ಒಂದು ಫೋನು ಎತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಆ ವಾರ ಮಂಡಿಯ ಹಳೆಯ ದಲ್ಲಾಳಿಗಳು ಮಾತಾಡಿಸಲು ಬಂದರು. ಅವಳು ಚಹಾ ತಂದಿಡುವಾಗ ಅಪ್ಪನ ಹೆಬ್ಬೆರಳು ಓಡತೊಡಗಿತು, ಭುಜ ಕುಲುಕತೊಡಗಿತು. ಆ ಕುಲುಕು ಅವಳಿಗೆ ಹುಟ್ಟಿದಾರಭ್ಯ ಪರಿಚಯ. ಅಡುಗೆಮನೆಗೆ ಹೋಗಿ ಚೀಲದ ಫೋನಿನಿಂದ ಅವನ ನಂಬರು ಒತ್ತಿದಳು. ಹೊರಗೆ ಫೋನು ಬಡಿದುಕೊಂಡಿತು, ನಿಂತಿತು. ಅವಳು ಬಾಗಿಲ ಸಂದಿಯಿಂದ ನೋಡಿದಳು. ಅಪ್ಪ ಖಾಲಿ ಪೆಟ್ಟಿಗೆ ನೋಡುತ್ತಿದ್ದ. ಮತ್ತೆ ಮೊದಲಿನಿಂದ ಶುರುಮಾಡಿದ. ಅವಳು ಮತ್ತೆ ಒತ್ತಿದಳು. ದಲ್ಲಾಳಿಗಳು ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿ, ಅವನ ಬೆನ್ನು ತಟ್ಟಿ ಎದ್ದುಹೋದರು. ಹೋಗುವಾಗ ಒಬ್ಬ, “ಪಾಪ, ಹೇಗಿದ್ದ ಮನುಷ್ಯ,” ಎಂದ. ಅಂದು ಮಗಳು ಪಾತ್ರೆ ತೊಳೆಯುತ್ತ ಗುನುಗಿದಳು. ಹಾಡುವಾಗ ಅವಳಿಗೆ ಉಗ್ಗು ಇರಲಿಲ್ಲ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೊದಮೊದಲು ಭುಜ ಕುಲುಕಿದಾಗ ಮಾತ್ರ ಅವಳು ಒತ್ತುತ್ತಿದ್ದಳು. ಆಮೇಲೆ ‘ಕಿಟಕಿ ಹಾಕು’ ಎಂಬುದಕ್ಕೂ ಒತ್ತಿದಳು, ‘ಬೆನ್ನು ತುರಿಸು’ ಎಂಬುದಕ್ಕೂ ಒತ್ತಿದಳು. ಸುಳ್ಳೇಕೆ, ಅವಳಿಗೆ ಅದು ರುಚಿಸಿತು. ಅರ್ಧದಲ್ಲಿ ಮಾತು ಕೈಜಾರಿದಾಗ ಅಪ್ಪನ ಮುಖದಲ್ಲಿ ಮೂಡುವ ಆ ಗಾಬರಿಯನ್ನು ಅವಳು ಕನ್ನಡಿಯಲ್ಲಿ ಎಷ್ಟು ಸಲ ಕಂಡಿರಲಿಲ್ಲ! ಒಮ್ಮೆ ಅವನು ಹೇಗೋ ಒಂದು ವಾಕ್ಯ ಮುಗಿಸಿದ: “ಈ ಫೋನಿಗೆ ಏನಾಗಿದೆ ನೋಡು. ಯಾರೋ ಮಾಡ್ತಾರೆ, ಇಡ್ತಾರೆ.”

“ನೆ ನೆಟ್‌ವರ್ಕು ಸರಿ ಇಲ್ಲ ಅಪ್ಪಾ,” ಎಂದಳು.

ಅವನು ಬೆರಳು ಮಡಚಿ ‘ನೆ’ಗಳನ್ನು ಎಣಿಸಿದ. ಅವನ ದುರದೃಷ್ಟ ಅದು. ಅಂದು ಎಣಿಸದಿದ್ದರೆ ಮರುದಿನವೇ ಅವಳು ಫೋನನ್ನು ಖಾನೆಗೆ ಮರಳಿಸುತ್ತಿದ್ದಳೋ ಏನೋ.

ಈಗ ಅವಳಿಗೆ ಧೈರ್ಯ ಬಂತು. ಅಪ್ಪನ ಬಾಯಿಯ ಬೀಗದ ಕೈ ತನ್ನ ಚೀಲದಲ್ಲಿರುವಾಗ ಇನ್ನೇನು ಭಯ? ಗೆಳೆಯನಿಗೆ, “ಭಾ ಭಾನುವಾರ ಅಮ್ಮನ್ನ ಕರ್ಕೊಂಡು ಬಾ,” ಎಂದಳು.

ಗೆಳೆಯನೂ ಅವನ ತಾಯಿಯೂ ಬೆಳಗಿನ ತಿಂಡಿ ಮುಗಿಸಿ ಬಂದರು. ಆಕೆ ಒಳ್ಳೆಯ ಹೆಂಗಸು, ಮೆತ್ತಗಿನ ಮಾತು. ಗುಡುಗಪ್ಪ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಕತ್ತಿಗೆ ಬಿಳಿಯ ಬಟ್ಟೆ ಕಟ್ಟಿಕೊಂಡು, ಫೋನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ಬೆನ್ನ ಹಿಂದಿನ ಕೈಯಲ್ಲಿ ಫೋನಿತ್ತು. ಅಪ್ಪ ಟೈಪು ಮಾಡಿದ, ಅವಳು ಒತ್ತಿದಳು. ಅಪ್ಪ ಮತ್ತೆ ಟೈಪು ಮಾಡಿದ, ಮತ್ತೆ ಒತ್ತಿದಳು.

“ಪಾಪ, ಎಷ್ಟೊಂದು ಫೋನು ಬರುತ್ತೆ ಇವರಿಗೆ,” ಎಂದಳು ಗೆಳೆಯನ ತಾಯಿ. “ಬೇಕಾದವರು ಬಹಳ ಜನ ಅಂತ ಕಾಣುತ್ತೆ.”

ಮೂರನೆಯ ಬಾರಿ ಅಪ್ಪ ಟೈಪು ಮಾಡುವ ಮುನ್ನ ತಲೆಯೆತ್ತಿ ನೇರವಾಗಿ ಮಗಳನ್ನು ನೋಡಿದ. ಅವನ ಕಣ್ಣು ತುಂಬಿತ್ತು. ಭುಜ ಕುಲುಕುತ್ತಿರಲಿಲ್ಲ. ಕತ್ತಿನಲ್ಲಿ ತೂತಿರುವವರಿಗೆ ಕೆಮ್ಮು ತಡೆದುಕೊಂಡರೂ ಕಣ್ಣಲ್ಲಿ ನೀರು ಬರುತ್ತದೆ. ಅದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಅವಳಿಗೆ ಕಂಡದ್ದು ಮಗಳನ್ನು ಕೊಟ್ಟು ಕಳಿಸಲಿರುವ ತಂದೆಯ ಕಣ್ಣು. ಅಪ್ಪನಿಗೂ ಹೇಳಿಕೊಳ್ಳಲು ಏನಾದರೂ ಇರಬಹುದಲ್ಲವೇ, ಅಷ್ಟೂ ವರ್ಷದ್ದು? ಅವಳು ಹೆಬ್ಬೆರಳನ್ನು ಗುಂಡಿಯ ಮೇಲಿಂದ ಎತ್ತಿಬಿಟ್ಟಳು.

ಅವನು ನಿಧಾನವಾಗಿ, ಪೂರ್ತಿ ಟೈಪು ಮಾಡಿದ. ಒತ್ತಿದ.

“ನನ್ನ ಮಗಳು ಬಂಗಾರ,” ಎಂದಿತು ಚಪ್ಪಟೆ ದನಿ. ಗೆಳೆಯನ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಇಂಥ ಮಾಲು ನಿಮಗೆ ಬೇರೆ ಕಡೆ ಸಿಗಲ್ಲ. ಒಂದು ಸಲ. ಎರಡು ಸಲ. ಮೂರು ಸಲ. ಮ ಮ ಮ ಮಾರಾಟ ಆಯ್ತು.”

ಮೊದಲು ನಕ್ಕವನು ಗೆಳೆಯ. ತೊಡೆ ತಟ್ಟಿಕೊಂಡು ನಕ್ಕ. “ಕೇಳಿಸ್ಕೊಂಡ್ಯಾ ಅಮ್ಮ? ‘ಮ ಮ ಮ’ ಅಂತ ಹೇಗೆ ಟೈಪ್ ಮಾಡಿದ್ರೋ ಹಾಗೇ ಓದ್ತು! ನಾನೇ ಬರೆದಿದ್ದು ಅದು! ಬೇರೆ ಆ್ಯಪುಗಳು ಇದನ್ನ ನುಂಗಿಹಾಕ್ತವೆ.” ಅವನ ಮುಖ ಹೆಮ್ಮೆಯಿಂದ ಅರಳಿತ್ತು. ಗುಡುಗಪ್ಪನ ಕಡೆ ಬಾಗಿ, “ಇನ್ನೊಂದು ಸಲ ಒತ್ತಿ ಸಾರ್,” ಎಂದ.

ಗುಡುಗಪ್ಪ ಇನ್ನೊಂದು ಸಲ ಒತ್ತಿದ. ಗೆಳೆಯನ ತಾಯಿ, ಆ ಒಳ್ಳೆಯ ಹೆಂಗಸು, ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಹೆತ್ತ ತಾಯಿಯೂ ಬಾಯಿಗೆ ಕೈ ಅಡ್ಡ ಹಿಡಿದಳು; ಆ ಕೈಯ ಹಿಂದೆ ಏನಿತ್ತೆಂದು ಮಗಳಿಗೆ ಚೆನ್ನಾಗಿ ಕಂಡಿತು. ಎಲ್ಲರೂ ನಗುವಾಗ ಮಕ್ಕಳು ನಗುತ್ತಾರೆ. ಈ ಸಲ ಅವಳು ನಗಲಿಲ್ಲ. ಅವರಿಗೆ ಸಂಬಂಧ ಒಪ್ಪಿಗೆಯಾಗಿತ್ತು, ಅದೂ ಸಂತೋಷದಿಂದ. ಮನೆಯೆಲ್ಲ ನಗುನಗುತ್ತಿದೆ, ಎಷ್ಟು ಚೆಂದ ಎಂದು ಹೇಳಿ ಹೊರಟರು. ಅಂದು ಸಂಜೆ ಅವಳು ಗೆಳೆಯನಿಗೆ ‘ಬೇಡ’ ಎಂದಷ್ಟೇ ಮೆಸೇಜು ಕಳಿಸಿದಳು. ಅವನು ಯಾಕೆ ಯಾಕೆ ಎಂದು ಬರೆದ. ಅವಳು ಫೋನನ್ನು ಮಗುಚಿಟ್ಟು ಪಾತ್ರೆ ತೊಳೆಯಲು ಎದ್ದಳು.

ಮರುದಿನ ಕಚೇರಿಗೆ ಹೋಗಿ ಮೊದಲು ಮಾಡಿದ ಕೆಲಸ, ತಿಂಗಳುಗಟ್ಟಲೆ ಬಚ್ಚಿಟ್ಟಿದ್ದ ದೂರನ್ನು ದಾಖಲಿಸಿದ್ದು. ‘ಮಾತು ಬಾರದ ರೋಗಿಯ ಮಾತನ್ನು ಈ ಆ್ಯಪು ಅಳಿಸುತ್ತಿದೆ. ಅತ್ಯಂತ ಗಂಭೀರ.’ ಬರೆಯುವಾಗ ಅವಳು ಯಾವತ್ತೂ ಉಗ್ಗಿದವಳಲ್ಲ. ಕಚೇರಿಯ ಮೇಡಂ ಎಲ್ಲರನ್ನೂ ಕೂಡಿಸಿ, ದೊಡ್ಡ ಪರದೆಯ ಮೇಲೆ ಅದನ್ನು ಹಾಕಿ, ಆ್ಯಪು ಬರೆದ ಗೆಳೆಯನನ್ನು ನಿಲ್ಲಿಸಿಕೊಂಡು ನೀರಿಳಿಸಿದರು. “ಆಸ್ಪತ್ರೆ ಮಂಚದ ಮೇಲಿರೋರು ಬಳಸೋ ಸಾಮಾನಿದು. ತಲೆ ಎಲ್ಲಿಟ್ಟಿದ್ದೆ?” ಆ ಆ್ಯಪನ್ನು ಅವನ ಕೈಯಿಂದ ಕಿತ್ತು ಬೇರೆಯವನಿಗೆ ಕೊಟ್ಟರು.

ಅವನು ಅವಳ ಮೇಜಿನ ಬಳಿ ಬಂದ. “ಇಷ್ಟು ದಿನ ಇದು ನಿನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ವಾ?”

“ಬಿ ಬಿ ಬಿದ್...”

“ಬಿದ್ದಿರ್ಲಿಲ್ಲ. ಸರಿ ಬಿಡು,” ಎಂದು ಅವನೇ ಮುಗಿಸಿ ಹೊರಟುಹೋದ. ಬಿದ್ದಿತ್ತು ಎಂದು ಹೇಳಲು ಹೊರಟಿದ್ದಳು ಅವಳು. ಕೇಳುವ ವ್ಯವಧಾನ ಇದ್ದರೆ ತಾನೆ.

ಆ್ಯಪು ಸರಿಯಾಯಿತು. ಈಗ ಅದು ಹಿಂದಕ್ಕೆ ಸರಿಯುವ ಮುನ್ನ ಬರೆದದ್ದನ್ನೆಲ್ಲ ಭದ್ರವಾಗಿ ಎತ್ತಿಡುತ್ತಿತ್ತು, ಪರರು ನೋಡದಂತೆ ಪರದೆ ಎಳೆದುಕೊಳ್ಳುತ್ತಿತ್ತು, ಮುಂದಕ್ಕೆ ಬಂದಾಗ ಬಿಟ್ಟ ಅಕ್ಷರದ ಪಕ್ಕದಲ್ಲೇ ಕಾದಿರುತ್ತಿತ್ತು. ಪರೀಕ್ಷಿಸಿ ಒಪ್ಪಿಗೆ ಕೊಟ್ಟವಳು ಅವಳೇ. ಅವಳು ಕಂಡರಿಯದ ಊರುಗಳಲ್ಲಿ, ಮಾತು ಕಳೆದುಕೊಂಡ ಎಷ್ಟೋ ಜನರ ಫೋನಿಗೆ ಹೊಸದು ತಾನಾಗಿ ಹೋಗಿ ಸೇರಿಕೊಂಡಿತು. ಅವರೆಲ್ಲರ ಪುಣ್ಯ ಅವಳಿಗೆ ಸಲ್ಲಬೇಕು. ಆ ಹೊಸದು ಹೊರಡುವ ಹಿಂದಿನ ಸಂಜೆ ಅವಳು ಅಪ್ಪನ ಫೋನು ತೆಗೆದುಕೊಂಡು, ಆ್ಯಪು ತಾನಾಗಿ ಹೊಸದಾಗುವುದನ್ನು ನಿಲ್ಲಿಸಿದಳು. ಲೋಕಕ್ಕೆಲ್ಲ ಹೊಸದು ಬಂತು, ಗುಡುಗಪ್ಪನಿಗೆ ಹಳೆಯದೇ ಉಳಿಯಿತು.

“ಏನೇ ಅದು?” ಎಂದು ತಾಯಿ ಕೇಳಿದಳು.

“ಅ ಅಪ್ಪನ ಫೋನು ಕ್ಲೀ ಕ್ಲೀನ್ ಮಾಡ್ದೆ.”

ರೋಗ ಮತ್ತೆ ಚಿಗುರಿತು. ಈ ಸಲ ಗಂಟಲಲ್ಲಿ ಮಾತ್ರವಲ್ಲ, ಪಕ್ಕೆಯಲ್ಲೂ. ಗುಡುಗಪ್ಪನನ್ನು ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಮಲಗಿಸಿದರು. ಬಲಗೈಗೆ ಸೂಜಿ ಚುಚ್ಚಿದ್ದರಿಂದ ಎಡಗೈಯ ಹೆಬ್ಬೆರಳೊಂದೇ ಗತಿ. ಮಗಳು ರಜೆ ಹಾಕಿ ಹಗಲೆಲ್ಲ ಪಕ್ಕದಲ್ಲಿ ಕೂರುತ್ತಿದ್ದಳು. ಬಾಯಿ ಒರೆಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಕತ್ತಿನ ತೂತಿಗೆ ಹಾಕಿದ್ದ ನಳಿಗೆ ತೊಳೆಯುತ್ತಿದ್ದಳು. ನರ್ಸುಗಳು, ‘ಮಗಳು ಅಂದ್ರೆ ಹೀಗಿರ್ಬೇಕು’ ಎನ್ನುತ್ತಿದ್ದರು. ಮಂಡಿಯವರು ಈಗ ಬರುತ್ತಿರಲಿಲ್ಲ. ಮಾತಾಡದವನನ್ನು ಮಾತಾಡಿಸಿ ಏನು ಮಾಡುವುದು?

ಪಕ್ಕದ ಮಂಚದಲ್ಲಿ ಇನ್ನೊಬ್ಬ ಗಂಟಲಿಲ್ಲದವನಿದ್ದ, ನಿವೃತ್ತ ಮೇಷ್ಟ್ರು. ಅವನ ಫೋನಿನಲ್ಲೂ ಅದೇ ಆ್ಯಪು. ಒಂದು ಬೆಳಿಗ್ಗೆ ಅವನು ನರ್ಸಿಗೆ ಏನೋ ಟೈಪು ಮಾಡುತ್ತಿದ್ದಾಗ ಕರೆ ಬಂತು. ಗುಡುಗಪ್ಪ ಕನಿಕರದಿಂದ ನೋಡಿದ, ಹೋಯ್ತು ಪಾಪ ಎಂಬಂತೆ. ಮೇಷ್ಟ್ರು ಕರೆ ಕತ್ತರಿಸಿ ಮರಳಿದ. ಪೆಟ್ಟಿಗೆಯಲ್ಲಿ ಬರೆದದ್ದೆಲ್ಲ ಇದ್ದ ಹಾಗೇ ಇತ್ತು. ಇನ್ನೆರಡು ಪದ ಸೇರಿಸಿ ಒತ್ತಿದ, ಫೋನು ಮಾತಾಡಿತು.

ಗುಡುಗಪ್ಪ ಮೇಷ್ಟ್ರ ಫೋನು ನೋಡಿದ. ತನ್ನ ಫೋನು ನೋಡಿದ. ಆಮೇಲೆ ತಲೆ ತಿರುಗಿಸಿ ಮಗಳನ್ನು ನೋಡಿದ, ಬಹಳ ಹೊತ್ತು. ಹರಾಜಿನ ಜನಸಂದಣಿಯಲ್ಲಿ ಯಾರು ಕಣ್ಣು ಮಿಟುಕಿಸಿ ಸವಾಲು ಹಾಕಿದರೆಂದು ಹಿಡಿಯುತ್ತಿದ್ದ ಕಣ್ಣು ಅದು. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವಳಿಗೂ ಗೊತ್ತಾಯಿತು. ಅವನು ಎಡಗೈಯಲ್ಲಿ ಟೈಪು ಮಾಡಿದ. ಅವಳು ಕರೆ ಮಾಡಲಿಲ್ಲ, ಪೂರ್ತಿ ಬಿಟ್ಟಳು.

“ನನ್ನ ಫೋನಿಗೂ ಅದನ್ನು ಹಾಕಿಕೊಡಮ್ಮ,” ಎಂದಿತು ದನಿ. ಮೂರ್ಸಲ ಎನ್ನಲಿಲ್ಲ. ಅಮ್ಮ ಎಂದಿತ್ತು.

“ನಿ ನಿಮ್ಮ ಫೋ ಫೋ ಫೋನು ಹಳೇದು ಅಪ್ಪಾ,” ಎಂದಳು ಅವಳು. “ಅ ಅದಕ್ಕೆ ಆ ಆಗಲ್ಲ.”

ಅವನು ಬೆರಳು ಮಡಚಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಮಾತು ಮುಗಿಯುವವರೆಗೂ ಕಾದ. ಆದರೆ ಕಾದು ಕೇಳಿದ್ದು ಆ ಮಾತನ್ನು.

ಮಧ್ಯಾಹ್ನ ದೊಡ್ಡ ಡಾಕ್ಟರು ವಾರ್ಡಿಗೆ ಬಂದರು. ಹಿಂದೆ ನರ್ಸು, ಮುಂದೆ ಇನ್ನೂ ಅರ್ಧ ವಾರ್ಡು. “ಹೇಗಿದೆ? ನೋವು ಜಾಸ್ತಿ ಇದ್ಯಾ? ಇದ್ರೆ ಹೇಳಿ, ಇಂಜೆಕ್ಷನ್ ಬರೀತೀನಿ.”

ಗುಡುಗಪ್ಪನ ಹೆಬ್ಬೆರಳು ಓಡಿತು. ಮಗಳು ಬಾಗಿ ನೋಡಿದಳು. ‘ಪಕ್ಕೆ ನೋವು ತಡೆಯಕ್ಕೆ ಆಗ್ತಿಲ್ಲ. ನಿದ್ದೆ ಇಲ್ಲ. ಇಂಜೆಕ್ಷನ್’ ಎಂಬವರೆಗೆ ಬಂದಿತ್ತು. ಅಷ್ಟಕ್ಕೇ ಒತ್ತಿದ್ದರೂ ಸಾಕಿತ್ತು. ಆದರೆ ಆಡಿದರೆ ಪೂರ್ತಿ ಆಡುವವನಲ್ಲವೇ. ‘ಕೊಡಿ’ ಎಂಬುದಕ್ಕೆ ‘ಕ’ ಹುಡುಕುತ್ತಿದ್ದ. ಆಗ ಫೋನು ಬಡಿದುಕೊಂಡಿತು. ಮಗಳ ಎರಡೂ ಕೈ ಮಡಿಲಲ್ಲಿದ್ದವು. ಕರೆ ಮಾಡಿದವಳು ಹೆಂಡತಿ. ಮನೆಯಲ್ಲಿ ಗಂಜಿ ಕಾಯಿಸಿಟ್ಟುಕೊಂಡು, ಹಸಿರು ಗುಂಡಿ ಒತ್ತಿ, ‘ತರ್ಲಾ?’ ಎಂದು ಕೇಳಲು ಕಾದಿದ್ದಳು. ಅವನು ಕರೆ ಕತ್ತರಿಸಿದ. ಮರಳಿದ. ಪೆಟ್ಟಿಗೆ ಖಾಲಿಯಿತ್ತು.

ಅವನ ಬಾಯಿ ತೆರೆದುಕೊಂಡಿತು. ತುಟಿಗಳು ಅಲ್ಲಾಡಿದವು, ಒಂದು ಸಲ, ಎರಡು ಸಲ. ಡಾಕ್ಟರಿಗೆ ತುಟಿ ಓದಲು ಬರುತ್ತಿರಲಿಲ್ಲ. ಅವರು ಮಗಳ ಕಡೆ ತಿರುಗಿ, “ಏನಂತೆ ಇವರಿಗೆ?” ಎಂದರು.

ಅವಳು ಓದಿದ್ದಳು. ಪ್ರತಿ ಪದವೂ ಅವಳಿಗೆ ಕಂಠಪಾಠವಾಗಿತ್ತು. ಅಪ್ಪ ಅವಳನ್ನೇ ನೋಡುತ್ತಿದ್ದ. ಇಡೀ ಲೋಕದಲ್ಲಿ ಈಗ ಅವನಿಗೆ ಉಳಿದಿದ್ದ ಗಂಟಲು ಅವಳದೊಂದೇ.

“ಏನಿಲ್ಲ ಡಾಕ್ಟ್ರೇ,” ಎಂದಳು. ಒಂದೇ ಸಲಕ್ಕೆ ಬಂತು, ಎಲ್ಲೂ ತಡವರಿಸದೆ.

ಡಾಕ್ಟರು ಚೀಟಿಯಲ್ಲಿ ಏನೋ ಗೀಚಿ ಮುಂದಿನ ಮಂಚಕ್ಕೆ ಹೋದರು. ಗುಡುಗಪ್ಪ ಎಡಗೈಯ ಹೆಬ್ಬೆರಳಿನಿಂದ ಮೊದಲ ಅಕ್ಷರದಿಂದ ಮತ್ತೆ ಶುರುಮಾಡಿದ. ಮಗಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಚಾದರವನ್ನು ಅವನ ಎದೆಯವರೆಗೆ ಸರಿಯಾಗಿ ಹೊದಿಸಿ, ಚೀಲದಿಂದ ಇನ್ನೊಂದು ಫೋನು ತೆಗೆದಳು.